ಸ್ಪಷ್ಟನೆ: ಹೊಸ ಲುಬುಂಟು ಎಲ್ಲ ಹಳೇ ಕಂಪ್ಯೂಟರ್‌ಗಳಲ್ಲೂ ಓಡುವುದಿಲ್ಲ

'1 ಜಿಬಿ ರ‍್ಯಾಮ್ ಇರುವ ಯಾವ ಹಳೇ ಕಂಪ್ಯೂಟರ್‌ಗಾದರೂ ಹೊಸ ಲುಬುಂಟು ಹಾಕಿ, ಸಲೀಸಾಗಿ ಓಡುತ್ತದೆ' ಎಂಬ ಸಂದೇಶ ಹರಿದಾಡುತ್ತಿದೆ. (ಲುಬುಂಟು ಎಂದರೆ ಲಿನಕ್ಸ್ ಬಗೆಯ ಹಗುರ ಆಪರೇಟಿಂಗ್ ಸಿಸ್ಟಮ್, ಅಂದರೆ ಓಎಸ್.) ಇದು ಸರಿಯಲ್ಲ.

ಲುಬುಂಟು 19.04ರಿಂದ 32-ಬಿಟ್ (ಹಳೇ ಬಗೆಯ ಪ್ರೊಸೆಸರ್‌ಗಳಿಗಾದ) ಆವೃತ್ತಿಯೇ ಬರುತ್ತಿಲ್ಲ. 32-ಬಿಟ್ ಪ್ರೊಸೆಸರ್‌ನಲ್ಲಿ ಅದರ ಪೆನ್‌ಡ್ರೈವ್ ಬೂಟ್ ಮಾಡಿದರೆ, 'ಈ ಕರ್ನಲ್‌ಗೆ ಎಕ್ಸ್86-64 ಸಿಪಿಯು ಬೇಕು' (ಅಂದರೆ 64-ಬಿಟ್ ಪ್ರೊಸೆಸರ್ ಬೇಕು) ಎಂಬರ್ಥದ ಸಾಲು ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಬರೆಯುವುದು ವ್ಯರ್ಥ ಶ್ರಮ.

ಮೊದಲು ಪ್ರೊಸೆಸರ್ ನೋಡಿ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ 'ಸಿಸ್ಟಮ್ ಟೈಪ್' ಸಾಲು ಪೂರ್ತಿ ಓದಿ. '32-ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್' ಎಂದಿದ್ದರೆ ಯಂತ್ರ 64-ಬಿಟ್‌ನದೇ. ಹಾಕಿರುವ ವಿಂಡೋಸ್ ಮಾತ್ರ 32. ಹೆಚ್ಚಿನವರು ಎಡವುವುದು ಇಲ್ಲೇ.

ನಿಜಕ್ಕೂ 32-ಬಿಟ್ ಆಗಿದ್ದರೆ ಡೆಬಿಯನ್ 12 (ಇನ್ನೊಂದು ಲಿನಕ್ಸ್) ಆಧಾರಿತ ಹಗುರ ಓಎಸ್ ಆ್ಯಂಟಿಎಕ್ಸ್ 23ರ 32-ಬಿಟ್ ಆವೃತ್ತಿ ಒಳ್ಳೆಯ ಆಯ್ಕೆ. 2025ರ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ.

ಇನ್ನು 1 ಜಿಬಿ ಮಾತು. ಡೆಸ್ಕ್‌ಟಾಪ್ ತೆರೆದೀತು, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆಗೆದರೆ ರ‍್ಯಾಮ್ ತುಂಬಿ, ಹಾರ್ಡ್‌ಡಿಸ್ಕ್‌ನ ಸ್ವಾಪ್‌ಗೆ (ರ‍್ಯಾಮ್ ಬದಲಿಗೆ ಬಳಸುವ ನಿಧಾನದ ಜಾಗ) ಇಳಿದು ಯಂತ್ರ ತೆವಳುತ್ತದೆ. ಓಎಸ್ ಎಷ್ಟೇ ಹಗುರವಾದರೂ ಬ್ರೌಸರ್ ಹಗುರವಾಗುವುದಿಲ್ಲ.

ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ.