ಆ ಎಮ್ಮೆ ಮತ್ತೆ ಹೋಗಲ್ವಾ ಅಮ್ಮ?

ಹೋದ ದಸರಾದಲ್ಲಿ ಪುಸ್ತಕ ಮೇಳದಿಂದ ಮಗಳಿಗೆ ಒಂದು ಚಿತ್ರಪುಸ್ತಕ ತಂದಿದ್ದೆ. ಎಮ್ಮೆಯ ಕಥೆ. ದಿನಾ ಅದೇ ಕೊಟ್ಟಿಗೆ, ಅದೇ ಹುಲ್ಲು, ಅದೇ ಕೆರೆ. ಬೇಜಾರಾಗಿ ಒಂದಿನ ಹಗ್ಗ ಕಿತ್ತುಕೊಂಡು ಹೊರಡುತ್ತದೆ. ಕುದುರೆ ಹಾಗೆ ಓಡೋಕೆ ಹೋಗುತ್ತದೆ, ನವಿಲಿನ ಹಾಗೆ ಕುಣಿಯೋಕೆ ಹೋಗುತ್ತದೆ, ಎಲ್ಲರೂ ನಗುತ್ತಾರೆ, ಕೊನೆಗೆ ಅಳುತ್ತಾ ವಾಪಸ್ ಬಂದು ನನ್ನ ಕೊಟ್ಟಿಗೆಯೇ ಸ್ವರ್ಗ ಅನ್ನುತ್ತದೆ. ಮುಗೀತು.

ಮಗಳಿಗೆ ಐದು ವರ್ಷ. ಮೊದಲ ಸಲ ಓದಿದಾಗಲೇ ಕೇಳಿದಳು, "ಆ ಎಮ್ಮೆ ಮತ್ತೆ ಹೋಗಲ್ವಾ ಅಮ್ಮ?"

ನಡುವೆ ಒಂದು ಚಿತ್ರ ಇದೆ. ಎಮ್ಮೆ ರೈಲ್ವೆ ಗೇಟಿನ ಹತ್ತಿರ ಕತ್ತು ಚಾಚಿ ನಿಂತಿದೆ. ಅರ್ಧ ಅಗಿದ ಹುಲ್ಲು ಬಾಯಿಂದ ನೇತಾಡುತ್ತಿದೆ. ರೈಲಿನ ಕಿಟಕಿಯಲ್ಲಿ ಒಂದು ಪುಟ್ಟ ಮುಖ, ಕಡಲೆಕಾಳಿನಷ್ಟು. ನಾನು ನೋಡಿರಲೇ ಇಲ್ಲ, ಅವಳೇ ಬೆರಳಿಟ್ಟು ತೋರಿಸಿದ್ದು. ಮಾತಿನಲ್ಲಿ ಆ ಮುಖದ ಸುದ್ದಿಯೇ ಇಲ್ಲ. ಮಾತು ಹೇಳದ್ದನ್ನ ಚಿತ್ರ ಹೇಳಬೇಕು, ಚಿತ್ರಪುಸ್ತಕ ಅಂದರೆ ಅದೇ ಅಲ್ವಾ? ಇಂಥ ಪುಸ್ತಕಗಳಿಗೆ ಸಾಮಾನ್ಯವಾಗಿ ಇರೋದೇ 32 ಪುಟ. ಅದರಲ್ಲಿ ಕೊನೆಯ ಆರು ಪುಟ ಎಮ್ಮೆಗೆ ಅವಮಾನ ಮಾಡೋಕೇ ಹೋಗಿದೆ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಇದೇನು ಹೊಸದಲ್ಲ ಬಿಡಿ. ಪಂಚತಂತ್ರದಲ್ಲಿ ನೀಲಿ ತೊಟ್ಟಿಗೆ ಬಿದ್ದು ರಾಜನಾದ ನರಿ ಊಳಿಟ್ಟು ಸಿಕ್ಕಿಬೀಳುತ್ತದೆ. ಹಿತೋಪದೇಶದಲ್ಲಿ ನಾಯಿಯ ಕೆಲಸ ಮಾಡೋಕೆ ಹೋದ ಅಗಸನ ಕತ್ತೆಗೆ ಏಟು ಬೀಳುತ್ತದೆ. ಅವು ರಾಜಕುಮಾರರಿಗೆ ನೀತಿ ಕಲಿಸೋಕೆ ಅಂತ ಹೇಳಿದ ಕಥೆಗಳು. ಐದು ವರ್ಷದ ಮಗುಗೆ ಈಗಲೇ ಯಾಕೆ "ಇದ್ದಲ್ಲೇ ಇರು" ಅನ್ನೋ ಪಾಠ? ಬೇಜಾರಾಗೋದು ತಪ್ಪೇನ್ರೀ?

ಮಂಡ್ಯ ಹತ್ತಿರ ನಮ್ಮಜ್ಜಿ ಮನೆಯಲ್ಲಿ ಒಂದು ಎಮ್ಮೆ ಇತ್ತು. ಆಗಾಗ ಗೂಟ ಕಿತ್ತುಕೊಂಡು ವಿ.ಸಿ. ನಾಲೆಗೆ ಹೋಗಿ ಮೂಗು ಮಾತ್ರ ಮೇಲಿಟ್ಟು ಮಲಗಿಬಿಡುತ್ತಿತ್ತು. ಅಜ್ಜಿ ಬೈಯುತ್ತಿರಲಿಲ್ಲ. ಏರಿ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದರು. "ಅದಕ್ಕೂ ಬೇಜಾರಾಗಲ್ವೇನವ್ವ" ಅನ್ನುತ್ತಿದ್ದರು. ಹೊತ್ತು ಇಳಿದ ಮೇಲೆ ಅದೇ ಎದ್ದು ಬರುತ್ತಿತ್ತು.

ಫೆಬ್ರವರಿಯಲ್ಲಿ ಮಗಳನ್ನ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗಿದ್ದೆ. ಮನೆಗಳ ಮಧ್ಯೆಯೇ ಹುಣಸೆ ಮರದ ತುಂಬ ಹೆಜ್ಜಾರ್ಲೆ, ಕೊಕ್ಕರೆ ಗೂಡು. ಮರಿ ದೊಡ್ಡದಾದ ಮೇಲೆ ಹೊರಟುಹೋಗುತ್ತವೆ, ಮುಂದಿನ ವರ್ಷ ಮತ್ತೆ ಬರುತ್ತವೆ. ಊರಿನವರು ಅವನ್ನ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಹೋಗಿದ್ದಕ್ಕೆ ಯಾರೂ ನಗುವುದಿಲ್ಲ. ಮಗಳು ತಲೆ ಎತ್ತಿ ತುಂಬಾ ಹೊತ್ತು ನೋಡುತ್ತಾ ನಿಂತಿದ್ದಳು.

ಈಗ ನಾವು ಆ ಪುಸ್ತಕವನ್ನ ರೈಲ್ವೆ ಗೇಟಿನ ಪುಟದಲ್ಲೇ ನಿಲ್ಲಿಸುತ್ತೇವೆ. ಮುಂದಿನ ಕಥೆ ಅವಳದು. ನಿನ್ನೆ ಎಮ್ಮೆ ರೈಲು ಹತ್ತಿ ಮದ್ದೂರಲ್ಲಿ ಇಳಿದು ವಡೆ ತಿಂತಂತೆ. ಕೊಟ್ಟಿಗೆಯಲ್ಲಿ ಹುಲ್ಲು ಹಾಕಿಟ್ಟಿರಬೇಕಂತೆ, ರಾತ್ರಿ ಬರುತ್ತದಂತೆ.