ಲೋಟದ ತಳ

ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಅಂದ್ರೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ, ಹೆಂಚಿನ ಮನೆ. ನಮ್ಮೂರಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲು. ಆದರೂ ವರ್ಷಗಟ್ಟಲೆ ಅದೇ ಗುಡ್ಡ ಬರೆದೆ. ಒಮ್ಮೆ ಕಿಟಕಿಯಾಚೆ ಕಾಣುತ್ತಿದ್ದ ಜಾಲಿಮರ ಬರೆದದ್ದಕ್ಕೆ "ಇದೇನೋ, ಪೊರಕೆನಾ?" ಅಂತ ಮೇಷ್ಟ್ರು ನಗಾಡಿದರು. ನನಗೆ ಚಿತ್ರ ಬರಲ್ಲ ಅಂತ ಅವತ್ತೇ ತೀರ್ಮಾನ ಆಯ್ತು.

ನಲವತ್ತು ದಾಟಿದ ಮೇಲೆ ಮತ್ತೆ ಪೆನ್ಸಿಲ್ ಹಿಡಿದೆ. ಮೊದಲು ಬರೆದದ್ದು ಕಾಫಿ ಕುಡಿದಿಟ್ಟ ಸ್ಟೀಲ್ ಲೋಟ. ಬಾಯಿಗೆ ಮೊಟ್ಟೆಯಾಕಾರ, ಪಕ್ಕಕ್ಕೆ ಎರಡು ಗೆರೆ, ತಳಕ್ಕೊಂದು ನೇರ ಗೆರೆ. ಏನೋ ಸರಿ ಇಲ್ಲ. ಹಾಳೆ ತೂತಾಗುವಷ್ಟು ಅಳಿಸಿದೆ. ಆಮೇಲೆ ಲೋಟವನ್ನೇ ನೋಡಿದೆ. ತಳ ನೇರ ಇಲ್ಲವೇ ಇಲ್ಲ! ಬಾಗಿದೆ. ಅದೂ ಬಾಯಿಗಿಂತ ಜಾಸ್ತಿ. ಬಾಯಿ ನನ್ನ ಕಣ್ಣಿನ ಮಟ್ಟಕ್ಕೆ ಹತ್ತಿರ, ಅದಕ್ಕೇ ಚಪ್ಪಟೆ. ತಳ ಇನ್ನೂ ಕೆಳಗೆ, ಅದಕ್ಕೇ ದುಂಡಗೆ. ಟೇಬಲ್ ಸಮ ಇದೆ, ಲೋಟ ಅಲ್ಲಾಡದೆ ನಿಂತಿದೆ ಅಂತ ನನಗೆ ಗೊತ್ತಿತ್ತಲ್ಲ, ಆ ಗೊತ್ತಿದ್ದದ್ದೇ ಗೆರೆ ಎಳೆದಿತ್ತು. ಕಣ್ಣು ಸುಮ್ನೆ ಕೂತಿತ್ತು.

ಮುಖದ್ದೂ ಇದೇ ಕಥೆ. ಕಣ್ಣನ್ನು ಹಣೆ ಹತ್ತಿರ ಇಟ್ಟುಬಿಡುತ್ತೇವೆ. ಕನ್ನಡಿ ಮುಂದೆ ಅಳೆದು ನೋಡಿ, ನೆತ್ತಿಯಿಂದ ಗದ್ದದವರೆಗೆ ಹೆಚ್ಚುಕಮ್ಮಿ ಅರ್ಧಕ್ಕೆ ಇರುತ್ತದೆ.

ಬೆಟ್ಟಿ ಎಡ್ವರ್ಡ್ಸ್ ಅನ್ನೋ ಅಮೆರಿಕದ ಚಿತ್ರಕಲೆ ಟೀಚರ್ 1979ರ ತಮ್ಮ ಪುಸ್ತಕದಲ್ಲಿ ಒಂದು ಉಪಾಯ ಕೊಟ್ಟಿದ್ದಾರೆ. ಸಂಗೀತಗಾರ ಸ್ಟ್ರಾವಿನ್‌ಸ್ಕಿಯ ರೇಖಾಚಿತ್ರವನ್ನು ಪಿಕಾಸೊ 1920ರಲ್ಲಿ ಬರೆದಿದ್ದ. ಅದನ್ನು ತಲೆಕೆಳಗಾಗಿಟ್ಟು ನಕಲು ಮಾಡಬೇಕು. ಹೆಸರಿಡೋದು ಎಡ ಮೆದುಳು, ನೋಡಿ ಬರೆಯೋದು ಬಲ ಮೆದುಳು ಅನ್ನೋ ಅವರ ವಿವರಣೆ ನನಗೆ ಒಪ್ಪಿಗೆ ಇಲ್ಲ, ಮೆದುಳು ಅಷ್ಟು ಸರಳ ಅಲ್ಲ. ಆದರೆ ಉಪಾಯ ಪಕ್ಕಾ. ತಲೆಕೆಳಗಾದ ಕೂಡಲೇ ಮೂಗು ಮೂಗಾಗಿ ಉಳಿಯಲ್ಲ, ಬರೀ ಗೆರೆ ಆಗುತ್ತೆ. ಯಾವತ್ತೂ ಬಾಳೆಗೊನೆ ಥರ ಆಗುತ್ತಿದ್ದ ನನ್ನ ಬೆರಳುಗಳು ಅವತ್ತು ಬೆರಳಾದವು.

ಪ್ಲಾಸ್ಟಿಕ್ ಕುರ್ಚಿಗೂ ಇಂಥದ್ದೇ ಒಂದು ಉಪಾಯ ಇದೆ. ಕಾಲು ಬರೆಯಬೇಡಿ, ಕಾಲುಗಳ ನಡುವಿನ ಖಾಲಿ ಜಾಗ ಬರೆಯಿರಿ. ಆ ಜಾಗಕ್ಕೆ ಹೆಸರಿಲ್ಲ, ಹಾಗಾಗಿ ತಲೆ ಮಧ್ಯೆ ಬಾಯಿ ಹಾಕಲ್ಲ.

ಫೋನಲ್ಲಿ ಫೋಟೊ ತೆಗೆದು ಅದನ್ನು ನೋಡಿ ಬರೆಯುವವರ ಜೊತೆ ಮಾತ್ರ ನನ್ನ ತಕರಾರಿದೆ. ನೋಡೋ ಕೆಲಸ ಅರ್ಧ ಕ್ಯಾಮೆರಾನೇ ಮಾಡಿಬಿಟ್ಟಿದೆ, ಇನ್ನು ನೀವೇನು ಕಲೀತೀರಿ? ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಚಿಕ್ಕಂದಿನಿಂದ ಮುಪ್ಪಿನವರೆಗೂ ಕಾಗೆ ಬರೆದರು. ಬಾಗಿಲ ಮುಂದೆ ಕೂರೋ ಅದೇ ಮಾಮೂಲಿ ಕಾಗೆ. ನಾನೂ ಒಂದು ತಿಂಗಳಿಂದ ಪ್ರಯತ್ನಿಸುತ್ತಿದ್ದೇನೆ. ಕೊಕ್ಕಿನ ದಪ್ಪ ಇನ್ನೂ ಸಿಕ್ಕಿಲ್ಲ. ಅಷ್ಟರಲ್ಲಿ ಹಾರಿಹೋಗಿರುತ್ತೆ.

ಮೊನ್ನೆ ಅಮ್ಮ ನನ್ನ ಪುಸ್ತಕ ತಿರುವುತ್ತಾ ಲೋಟದ ಹಾಳೆಯಲ್ಲಿ ನಿಂತಳು. "ಇದು ನೀನು ಚಿಕ್ಕವನಿದ್ದಾಗ ಜಗಲಿಯಿಂದ ಎಸೆದಿದ್ದ ಲೋಟ ಅಲ್ವೇನೋ? ಇಲ್ನೋಡು, ನಗ್ಗಿರೋದು."

ಅಲ್ಲಿ ಗೆರೆ ತಪ್ಪಿದೆ ಅಂತ ನಾನು ಅಳಿಸೋದ್ರಲ್ಲಿದ್ದೆ.