ಒದ್ದೆ ರಿಮ್ಮಿನ ಒಂದು ಸೆಕೆಂಡು

ತೆಳು ಟೈರಿನ ರೋಡ್ ಬೈಕ್ ತುಳಿಯುವವರು ಸೇರಿದಲ್ಲಿ ಮಳೆಗಾಲದ ಬ್ರೇಕಿನ ಮಾತು ಬಂತೆಂದರೆ, ಅದು ಚಕ್ರದ ಹೊರಬಳೆಯಾದ ರಿಮ್ಮನ್ನೇ ಹಿಡಿಯುವ ರಿಮ್ ಬ್ರೇಕು ಮೇಲೋ, ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕು ಮೇಲೋ ಎಂಬ ಜಗಳಕ್ಕೇ ಬಂದು ನಿಲ್ಲುತ್ತದೆ. ಬಹಳ ವರ್ಷ ರಿಮ್ ಬ್ರೇಕಿನ ಸೈಕಲ್ಲನ್ನೇ ನೆಚ್ಚಿಕೊಂಡಿದ್ದು ಈಗ ಡಿಸ್ಕಿಗೆ ಬದಲಾಗಿರುವ ನನಗೆ, ಆ ಜಗಳದಲ್ಲಿ ವಿಷಯದ ಅರ್ಧ ಭಾಗ ಮಾತ್ರ ಇದೆ ಎನ್ನಿಸುತ್ತದೆ. ಉಳಿದರ್ಧ ಇರುವುದು ಟೈರಿನ ಅಡಿಯಲ್ಲಿ.

ಮಳೆಯಲ್ಲಿ ಇಳಿಜಾರು ಇಳಿಯುವಾಗ ಲಿವರ್ ಒತ್ತಿಯೂ ಏನೂ ಆಗದ ಆ ಗಳಿಗೆಯನ್ನು ಕಂಡವರು ಮರೆಯಲಾರರು. ಲಿವರ್ ಹೆಚ್ಚುಕಡಿಮೆ ಹ್ಯಾಂಡಲ್‌ವರೆಗೂ ಬಂದಿರುತ್ತದೆ, ಬ್ರೇಕಿನ ರಬ್ಬರ್ ಪ್ಯಾಡು ರಿಮ್ಮಿಗೆ ಒತ್ತಿಕೊಂಡಿರುತ್ತದೆ, ಸೈಕಲ್ಲು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಓಡುತ್ತಲೇ ಇರುತ್ತದೆ. ಪ್ಯಾಡು ಮೊದಲು ರಿಮ್ಮಿನ ಮೇಲಿನ ನೀರನ್ನು ಒರೆಸಿ ತೆಗೆಯಬೇಕು. ಅಷ್ಟರಲ್ಲಿ ಟೈರು ರಸ್ತೆಯಿಂದ ಇನ್ನಷ್ಟು ನೀರನ್ನು ಎತ್ತಿ ತಂದು ಒರೆಸಿದ ಜಾಗವನ್ನು ಮತ್ತೆ ತೋಯಿಸುತ್ತದೆ. ಚಕ್ರ ಕೆಲವು ಸುತ್ತು ತಿರುಗಿದ ಮೇಲೆ ಬ್ರೇಕು ಇದ್ದಕ್ಕಿದ್ದಂತೆ ಕಚ್ಚುತ್ತದೆ. ಹೆದರಿಕೆಯಿಂದ ಬಿಗಿಹಿಡಿದ ಕೈ ಆಗಲೂ ಸಡಿಲವಾಗದಿದ್ದರೆ ಚಕ್ರವೇ ಲಾಕ್ ಆಗಿಬಿಡುತ್ತದೆ.

ಗಂಟೆಗೆ 36 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 10 ಮೀಟರ್. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಇರುವುದರಿಂದ ಅದು ಒಂದು ಸೆಕೆಂಡಿನಲ್ಲಿ ಐದು ಸುತ್ತಿನ ಹತ್ತಿರ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದವನು ಇದೇ ವೇಗದಿಂದ ಸುಮಾರು 10 ಮೀಟರಿನಲ್ಲಿ ನಿಲ್ಲಬಲ್ಲ; ಹಿಡಿತ ಅರ್ಧಕ್ಕೆ ಇಳಿದರೆ 20 ಮೀಟರ್ ಬೇಕು, ಅದರ ಮೇಲೆ ಬ್ರೇಕು ಒಂದು ಸೆಕೆಂಡು ತಡವಾಗಿ ಕಚ್ಚಿದರೆ 30 ಮೀಟರ್ ಆಯಿತು.

ರಿಮ್ಮು ಯಾವುದರಿಂದ ಮಾಡಿದ್ದು ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಳೆಯ ಕ್ರೋಮ್ ಲೇಪದ ಉಕ್ಕಿನ ರಿಮ್ಮು ಮಳೆಯಲ್ಲಿ ಇದ್ದೂ ಇಲ್ಲದಂತೆ. ಅಲ್ಯುಮಿನಿಯಂ ಎಷ್ಟೋ ವಾಸಿ. ಕಾರ್ಬನ್ ರಿಮ್ಮು, ಬೆಲೆ ಎಷ್ಟೇ ಇರಲಿ, ಈ ಒಂದು ವಿಷಯದಲ್ಲಿ ಸಾಮಾನ್ಯವಾಗಿ ಅಲ್ಯುಮಿನಿಯಂಗಿಂತ ಹಿಂದೆ. ಮಳೆಯಲ್ಲಿ ಓಡಿಸಿ ಬಂದ ಮೇಲೆ ಪ್ಯಾಡನ್ನು ಕಳಚಿ ಬೆಳಕಿಗೆ ಹಿಡಿದು ನೋಡಿ: ಕಪ್ಪು ರಬ್ಬರಿನೊಳಗೆ ಅಲ್ಯುಮಿನಿಯಂ ಚೂರುಗಳು ಮಿಣುಕುತ್ತಿರುತ್ತವೆ. ಅವನ್ನು ಸೂಜಿಯಿಂದ ಕಿತ್ತು, ಪ್ಯಾಡಿನ ಮುಖವನ್ನು ಸ್ಯಾಂಡ್‌ಪೇಪರಿನಿಂದ ಉಜ್ಜದೆ ಬಿಟ್ಟರೆ, ಮುಂದಿನ ಮಳೆಯಲ್ಲಿ ಅದು ಬ್ರೇಕಿನ ಕೆಲಸಕ್ಕಿಂತ ಅರದ ಕೆಲಸವನ್ನೇ ಹೆಚ್ಚು ಮಾಡುತ್ತದೆ.

ಡಿಸ್ಕು ಈ ತಡವನ್ನು ಬಹುಮಟ್ಟಿಗೆ ಇಲ್ಲವಾಗಿಸಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. 140 ಅಥವಾ 160 ಮಿ.ಮೀ. ವ್ಯಾಸದ ಆ ತಟ್ಟೆ ಟೈರು ಎರಚುವ ನೀರಿನಿಂದ ದೂರ, ಚಕ್ರದ ನಡುವಿನಲ್ಲಿರುತ್ತದೆ. ತೋಯ್ದರೂ ಬೇಗ ಒಣಗುತ್ತದೆ. ಒದ್ದೆಯಾದಾಗ ಅದು ಕಿರುಚುವ ಸದ್ದಿಗೆ ಮುಂದಿನವರು ತಿರುಗಿ ನೋಡುವುದುಂಟು, ಅದನ್ನು ನಾನು ಸಹಿಸಿಕೊಂಡಿದ್ದೇನೆ. ವೃತ್ತಿಪರ ರಸ್ತೆ ಸ್ಪರ್ಧೆಗಳಲ್ಲಿ 2015ರಲ್ಲಿ ಇದರ ಪ್ರಯೋಗ ಆರಂಭವಾಗಿ, 2016ರ ಪ್ಯಾರಿಸ್-ರೂಬೆ ಸೈಕಲ್ ರೇಸಿನಲ್ಲಿ ಸವಾರರೊಬ್ಬರು ಡಿಸ್ಕಿನಿಂದ ಗಾಯವಾಯಿತೆಂದು ದೂರಿದ ಮೇಲೆ ತಡೆಬಿದ್ದು, 2018ರಲ್ಲಿ ಪೂರ್ಣ ಅನುಮತಿ ಸಿಕ್ಕಿತು.

ಆದರೆ ಡಿಸ್ಕು ಚಕ್ರವನ್ನು ನಿಲ್ಲಿಸುತ್ತದೆ. ಸೈಕಲ್ಲನ್ನು ನಿಲ್ಲಿಸಬೇಕಾದದ್ದು ಟೈರು. ಒಣ ರಸ್ತೆಯಲ್ಲಿ ಮುಂದಿನ ಬ್ರೇಕನ್ನು ಅತಿಯಾಗಿ ಹಿಡಿದರೆ ಹಿಂದಿನ ಚಕ್ರ ಎದ್ದು ಸವಾರ ಮುಗ್ಗರಿಸುತ್ತಾನೆ. ಒದ್ದೆ ರಸ್ತೆಯಲ್ಲಿ ಅದಕ್ಕೂ ಮೊದಲೇ ಮುಂದಿನ ಟೈರು ಜಾರಬಹುದು, ಹಾಗೆ ಜಾರಿದರೆ ಸಾವರಿಸಿಕೊಳ್ಳಲು ಸಮಯ ಸಿಗುವುದು ಅಪರೂಪ. ಆದ್ದರಿಂದ ಮಳೆಯಲ್ಲಿ ಹಿಂದಿನ ಬ್ರೇಕಿಗೆ ಒಣ ದಿನಕ್ಕಿಂತ ಹೆಚ್ಚು ಪಾಲು ಕೊಡಬೇಕು, ಸೈಕಲ್ಲು ನೆಟ್ಟಗಿರುವಾಗಲೇ, ಅಂದರೆ ತಿರುವಿಗೆ ಮುಂಚೆಯೇ, ವೇಗ ಇಳಿಸಿಕೊಳ್ಳಬೇಕು. ರಸ್ತೆಗೆ ಬಳಿದ ಬಿಳಿ ಗೆರೆ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ಧೂಳು ಮತ್ತು ಎಣ್ಣೆ ಮೇಲೆದ್ದು ಬರುವ ಮೊದಲ ಮಳೆಯ ಡಾಂಬರು, ಇವಕ್ಕೆ ನಿಮ್ಮದು ಯಾವ ಬ್ರೇಕು ಎಂಬುದು ಸಂಬಂಧವಿಲ್ಲ.

ಹಾಗಾಗಿ ಯಾರಾದರೂ ಕೇಳಿದರೆ, ಹೊಸ ಸೈಕಲ್ಲಿಗಿಂತ ಮೊದಲು ಒಳ್ಳೆಯ ಟೈರಿಗೆ ದುಡ್ಡು ಹಾಕಿ ಎನ್ನುತ್ತೇನೆ. ಸೈಕಲ್ಲಿನ ಫ್ರೇಮಿನಲ್ಲಿ ಜಾಗವಿದ್ದರೆ 25ರ ಬದಲು 28 ಮಿ.ಮೀ. ಅಗಲದ ಟೈರು ಹಾಕಿಸಿ, ಗಾಳಿಯನ್ನು ತುಸು ಇಳಿಸಿ. ನೀರನ್ನು ಹೊರಹಾಕಲೆಂದು ಟೈರಿನ ಮೇಲೆ ಕೊರೆದ ಗೀರುಗಳಿಗೆ ಮರುಳಾಗಬೇಡಿ. ಈ ಟೈರುಗಳಲ್ಲಿರುವ ಗಾಳಿಯ ಒತ್ತಡಕ್ಕೆ ನೀರಿನ ಮೇಲೆ ತೇಲಬೇಕೆಂದರೆ ಕಾರಿನ ವೇಗ ಬೇಕು, ನಮ್ಮ ಕಾಲುಗಳಿಂದ ಅದು ಆಗದ ಮಾತು.

ರಿಮ್ ಬ್ರೇಕಿನ ದಿನಗಳಲ್ಲಿ, ತಿರುವು ಇನ್ನೂ ದೂರವಿರುವಾಗಲೇ ಲಿವರನ್ನು ಹಗುರವಾಗಿ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳುವುದು ನನಗೆ ಅಭ್ಯಾಸವಾಗಿತ್ತು. ಡಿಸ್ಕಿಗೆ ಅದರ ಅಗತ್ಯ ಅಷ್ಟಾಗಿ ಇಲ್ಲವೆಂದು ಗೊತ್ತಿದ್ದರೂ, ಮಳೆ ಹನಿ ಬಿದ್ದ ಕೂಡಲೇ ನನ್ನ ಎರಡು ಬೆರಳು ಈಗಲೂ ಲಿವರಿನ ಮೇಲೆ ಹೋಗಿ ಕೂರುತ್ತವೆ.